ಪಟ್ಟಿ ಬರುವ ಮುನ್ನ

ತಾಳ್ಮೆಯನ್ನು ಬೋಧಿಸುವುದಕ್ಕೆ ಯಾವ ಅರ್ಹತೆಯೂ ಬೇಕಾಗಿಲ್ಲ. ಸಂಶೋಧನ ವಿದ್ಯಾರ್ಥಿವೇತನದ ಫಲಿತಾಂಶಕ್ಕಾಗಿ ಕಾಯುತ್ತಿರುವ ಒಬ್ಬ ಬಡಪಾಯಿ ಎದುರಿಗೆ ಸಿಕ್ಕರೆ ಸಾಕು. ಕಾಫಿಪುಡಿ ಅಂಗಡಿಯವರಿಂದ ಹಿಡಿದು ನಿವೃತ್ತ ಪ್ರಾಧ್ಯಾಪಕರವರೆಗೆ ಎಲ್ಲರೂ ಆ ಕ್ಷಣಕ್ಕೆ ಸ್ಥಿತಪ್ರಜ್ಞರಾಗಿಬಿಡುತ್ತಾರೆ. “ಫಲದ ಯೋಚನೆ ನಿನಗೇಕಯ್ಯ? ನಿನ್ನ ಕೆಲಸ ನೀನು ಮಾಡು” ಎನ್ನುತ್ತಾರೆ. ಹೀಗೆ ಹೇಳುವವರಲ್ಲಿ ಬಹುಮಂದಿಗೆ ತಿಂಗಳು ತಿಂಗಳಿಗೂ ತಪ್ಪದೆ ಸಂಬಳವೋ ಪಿಂಚಣಿಯೋ ಬರುತ್ತಿರುತ್ತದೆಂಬುದನ್ನು ನಾನು ಗಮನಿಸಿದ್ದೇನೆ. ಗೀತೆಯ ಉಪದೇಶವನ್ನು ಹಗುರವಾಗಿ ಕಾಣುವ ಅವಿವೇಕ ನನಗಿಲ್ಲ. ಆದರೆ ಆ ಉಪದೇಶವನ್ನು ಕೇಳಿದವನು ರಾಜಪುತ್ರ. ಅವನಿಗೆ ರಥವಿತ್ತು, ಕುದುರೆಗಳಿದ್ದವು, ಸಾರಥಿಯಂತೂ ಸಾಕ್ಷಾತ್ ಭಗವಂತ. ಹಾಸ್ಟೆಲಿನ ಮೆಸ್ ಬಿಲ್ಲು ಅವನ ತಲೆಯ ಮೇಲಿರಲಿಲ್ಲ.

ನಾನು ಚರಿತ್ರೆಯ ವಿದ್ಯಾರ್ಥಿ. ಹಳೆಯ ಕನ್ನಡ ನಾಡಿನಲ್ಲಿ ವಿದ್ಯೆಗೆಂದು ಬಿಟ್ಟ ದತ್ತಿಗಳ ಶಾಸನಗಳನ್ನು ಕುರಿತು ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದೇನೆ. ಇದು ಮೂರನೆಯ ವರ್ಷ. ಒಂದು ಸಂಸ್ಥೆಯ ಸಂಶೋಧನ ವೇತನಕ್ಕೆ ಅರ್ಜಿ ಹಾಕಿ ಏಳು ತಿಂಗಳಾಯಿತು, ಸಂದರ್ಶನ ಮುಗಿದು ನಾಲ್ಕು. ಸಂಸ್ಥೆಯ ಹೆಸರು ಬೇಡ. ಹೆಸರು ಹೇಳಿದೊಡನೆ ಮಾತು ದೂರಾಗುತ್ತದೆ, ನನಗೆ ಬೇಕಾದುದು ದೂರಲ್ಲ. ಅಲ್ಲಿಯ ಗುಮಾಸ್ತರು ಬಹಳ ಸೌಜನ್ಯದ ಮನುಷ್ಯರು. ಹೋದಾಗಲೆಲ್ಲ ಕುರ್ಚಿ ತೋರಿಸಿ, “ಬರುತ್ತೆ ಬಿಡಿ ಸಾರ್, ಬಂದಾಗ ನಿಮಗೇ ಗೊತ್ತಾಗುತ್ತೆ” ಎನ್ನುತ್ತಾರೆ. ಈ ವಾಕ್ಯದಲ್ಲಿ ತಪ್ಪು ಹುಡುಕುವುದು ಯಾವ ತಾರ್ಕಿಕನಿಗೂ ಸಾಧ್ಯವಿಲ್ಲ.

ನಮ್ಮ ವಿಷಯಕ್ಕೆ ಇರುವುದು ಒಂದೇ ಸ್ಥಾನ. ಅದಕ್ಕಾಗಿ ಸಂದರ್ಶನಕ್ಕೆ ಹೋದವರಲ್ಲಿ ನನ್ನ ಕೊಠಡಿಯ ಗೆಳೆಯನೂ ಒಬ್ಬ. ಮೂರು ವರ್ಷದಿಂದ ಒಂದೇ ಕೋಣೆಯಲ್ಲಿದ್ದೇವೆ, ಒಂದೇ ಸ್ಟವ್ವಿನ ಮೇಲೆ ಕಾಫಿ ಮಾಡಿಕೊಳ್ಳುತ್ತೇವೆ. ಇಬ್ಬರೂ ಬೆಳಗ್ಗೆ ಎದ್ದು ಒಬ್ಬರಿಗೊಬ್ಬರು ಕಾಣದಂತೆ ಫೋನಿನಲ್ಲಿ ಆ ಸಂಸ್ಥೆಯ ಪುಟವನ್ನು ತೆರೆದು ನೋಡುತ್ತೇವೆ. ಕಾಣದಂತೆ ನೋಡುವುದೇಕೆ ಎಂಬ ಪ್ರಶ್ನೆಯಿಂದಲೇ ಈ ಬರಹದ ವಿಷಯ ನನ್ನ ತಲೆಗೆ ಬಂದದ್ದು. ಬಯಸುವುದರಲ್ಲಿ ಯಾವ ತಪ್ಪೂ ಇಲ್ಲವೆಂದಾದರೆ ಮರೆಮಾಚುವ ಅಗತ್ಯವೇನು?

ನಮ್ಮ ತಾಯಿ ಶನಿವಾರ ಶನಿವಾರ ಆಂಜನೇಯನ ಗುಡಿಗೆ ಹೋಗಿ ನನ್ನ ಹೆಸರಿನಲ್ಲಿ ದೀಪ ಹಚ್ಚಿ ಬರುತ್ತಾರೆ. ಒಂದು ದಿನ ನಾನು, “ಅಮ್ಮ, ಸಂದರ್ಶನ ಮುಗಿದು ಅಂಕ ಬರೆದಿಟ್ಟು ಆಗಿದೆ. ಈಗ ದೀಪ ಹಚ್ಚಿದರೆ ಬರೆದ ಅಂಕ ಬದಲಾಗುತ್ತದೆಯೆ?” ಎಂದೆ. “ದೇವರಿಗೆ ನಿನ್ನೆ ನಾಳೆ ಅಂತ ಇದೆಯೇನೋ?” ಎಂದರು. ಇದು ಹಳ್ಳಿಯ ಮುಗ್ಧ ಮಾತೆಂದು ವಾಚಕರು ನಗಬೇಕಾಗಿಲ್ಲ. ಇಂಗ್ಲೆಂಡಿನ ತತ್ತ್ವಜ್ಞಾನಿ ಮೈಕೇಲ್ ಡಮ್ಮೆಟ್ ಎಂಬಾತ 1964ರಲ್ಲಿ ಬರೆದ ಒಂದು ಲೇಖನದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಒಬ್ಬ ತಂದೆ, ಅವನ ಮಗನಿದ್ದ ಹಡಗು ಮುಳುಗಿದ ಸುದ್ದಿ ಬಂದಿದೆ, ಬದುಕಿ ಉಳಿದವರು ಯಾರೆಂಬ ಸುದ್ದಿ ಇನ್ನೂ ಬಂದಿಲ್ಲ. ಆಗ ಅವನು ಮಗ ಉಳಿದಿರಲೆಂದು ಪ್ರಾರ್ಥಿಸಿದರೆ ಅದು ಅರ್ಥಹೀನವೆ? ನಾವು ತಿಳಿದಷ್ಟು ಸುಲಭವಾಗಿ ಅದನ್ನು ತಳ್ಳಿಹಾಕಲಾಗದು ಎಂಬುದು ಅವನ ವಾದ. ನಮ್ಮ ತಾಯಿ ಅದೇ ಮಾತನ್ನು ಹೂಬತ್ತಿ ಹೊಸೆಯುತ್ತ ಅರ್ಧ ಸಾಲಿನಲ್ಲಿ ಮುಗಿಸಿದರು.

ಆದರೆ ನನ್ನನ್ನು ಕಾಡಿದ್ದು ಕಾಲದ ತೊಡಕಲ್ಲ. ಅಮ್ಮ ಬೇಡಿಕೊಳ್ಳುತ್ತಿರುವುದು ಏನನ್ನು? ಪಟ್ಟಿಯಲ್ಲಿ ಮಗನ ಹೆಸರಿರಲಿ ಎಂದು. ಸ್ಥಾನ ಒಂದೇ ಆದದ್ದರಿಂದ, ಗೆಳೆಯನ ಹೆಸರು ಇಲ್ಲದಿರಲಿ ಎಂದೂ ಅದೇ ಪ್ರಾರ್ಥನೆಯಲ್ಲಿ ಅಡಗಿದೆ. ಆ ಗೆಳೆಯನಿಗೆ ಯುಗಾದಿಯಲ್ಲಿ ಹೋಳಿಗೆ ಬಡಿಸಿದ ಕೈಯೇ ಈ ದೀಪವನ್ನೂ ಹಚ್ಚುತ್ತಿರುವುದು. ಈ ಮಾತನ್ನು ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇಬ್ಬರಿಗೂ ಆಗಲಿ ಅಂತ ಕೇಳಿಕೊಳ್ತೀನಿ” ಎಂದರು.

“ಇರೋದು ಒಂದೇ ಜಾಗ ಅಮ್ಮ.”

“ಒಂದೇ ಅಂತ ದೇವರು ಹೇಳಿದನೇನೋ?”

ಆಗ ನಾನು ನಕ್ಕೆ. ಈ ಮಾತಿಗೆ ಮುಂದೆ ಬರುತ್ತೇನೆ.

ನಾವು ಮಳೆಗೆ ಕಾಯುತ್ತೇವೆ. ಜೂನ್ ಬಂದರೂ ಮೋಡ ಕಟ್ಟದಿದ್ದರೆ ಊರಿಗೆ ಊರೇ ಆಕಾಶ ನೋಡುತ್ತದೆ. ಆದರೆ ಆ ಕಾಯುವಿಕೆಯಲ್ಲಿ ನೆರೆಯವನು ಪ್ರತಿಸ್ಪರ್ಧಿಯಲ್ಲ. ಅವನ ಹೊಲಕ್ಕೆ ಬಿದ್ದ ಮಳೆ ನನ್ನ ಹೊಲಕ್ಕೂ ಬೀಳುವಂಥದು. ಶಬರಿ ರಾಮನಿಗಾಗಿ ಮುಪ್ಪಿನವರೆಗೆ ಕಾದಳು. ಅವಳ ದಾರಿಯಲ್ಲಿ ಇನ್ನೊಬ್ಬ ಶಬರಿ ಹಣ್ಣಿನ ಬುಟ್ಟಿ ಹಿಡಿದು ನಿಂತಿರಲಿಲ್ಲ. ಪುರಾಣಗಳಲ್ಲಿ ಕಾಯುವವರೆಲ್ಲ ಬಹುಮಟ್ಟಿಗೆ ಒಂಟಿಯಾಗಿ ಕಾಯುವವರೇ. ಅದರಿಂದಲೇ ನಮ್ಮ ಹಿರಿಯರ ತಾಳ್ಮೆಯ ಮಾತುಗಳು ಇಂದಿನ ನಮ್ಮ ಅವಸ್ಥೆಗೆ ಸರಿಯಾಗಿ ಹೊಂದುವುದಿಲ್ಲವೆಂದು ತೋರುತ್ತದೆ. ನಾವು ಕಾಯುವುದು ಮಳೆಗೆ ಕಾದಂತಲ್ಲ, ಕೊನೆಯ ಬಸ್ಸಿಗೆ ಕಾದಂತೆ. ಬಸ್ಸು ಬರುವವರೆಗೆ ನಿಲ್ದಾಣದಲ್ಲಿ ಎಲ್ಲರೂ ಒಬ್ಬರ ಬೀಡಿಗೆ ಒಬ್ಬರು ಬೆಂಕಿ ಕೊಡುತ್ತಾರೆ, ಒಬ್ಬರ ಮಗುವನ್ನು ಒಬ್ಬರು ಎತ್ತಿಕೊಳ್ಳುತ್ತಾರೆ. ಬಸ್ಸಿನ ದೀಪ ಕಂಡೊಡನೆ ಮೊಣಕೈಗಳು ಮೇಲೇಳುತ್ತವೆ. ಅದೇ ಜನ.

ನಮಗೆ ದೊರೆತ ಸ್ಥಾನ ಎಷ್ಟು ಸಲ ಬೇರೊಬ್ಬರು ಎದ್ದುಹೋದ ಸ್ಥಾನವಾಗಿರುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಸೊಗಸಾದ ನಿದರ್ಶನವಿದೆ. ಪರಮಾಣುವಿನ ಗರ್ಭವನ್ನು ಕಂಡುಹಿಡಿದ ರುದರ್‌ಫರ್ಡ್ ನ್ಯೂಜಿಲೆಂಡಿನ ರೈತನ ಮಗ. 1851ರ ಲಂಡನ್ ಮಹಾಪ್ರದರ್ಶನದ ಲಾಭದ ಹಣದಿಂದ ನಡೆಯುತ್ತಿದ್ದ ವಿದ್ಯಾರ್ಥಿವೇತನವೊಂದಕ್ಕೆ ಅವನೂ ಮ್ಯಾಕ್ಲಾರಿನ್ ಎಂಬ ರಸಾಯನಶಾಸ್ತ್ರಜ್ಞನೂ ಅರ್ಜಿ ಹಾಕಿದ್ದರು. ಸ್ಥಾನ ಒಂದೇ, ವರ್ಷಕ್ಕೆ 150 ಪೌಂಡು. ಆಯ್ಕೆಯಾದವನು ಮ್ಯಾಕ್ಲಾರಿನ್. ಆದರೆ ಅವನು ತನ್ನ ದೇಶದಲ್ಲೇ ಉಳಿಯಲು ನಿರ್ಧರಿಸಿ ವೇತನವನ್ನು ಬಿಟ್ಟುಕೊಟ್ಟ. ಅದು ಎರಡನೆಯವನಿಗೆ ಬಂತು. ಸುದ್ದಿ ಬಂದಾಗ ರುದರ್‌ಫರ್ಡ್ ಹೊಲದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದು, ಗುದ್ದಲಿಯನ್ನು ಎಸೆದುಬಿಟ್ಟನೆಂಬ ಕಥೆ ಪ್ರಸಿದ್ಧವಾಗಿದೆ. 1895ರಲ್ಲಿ ಕೇಂಬ್ರಿಡ್ಜಿಗೆ ಹೋದ. 1908ರಲ್ಲಿ ನೊಬೆಲ್ ಬಹುಮಾನ ಬಂತು. ಈಗ ಕೇಳೋಣ: ಆಯ್ಕೆ ಮಾಡಿದವರು ತಪ್ಪು ಮಾಡಿದ್ದರೆ? ಅವರ ಮುಂದಿದ್ದ ಕಾಗದಪತ್ರಗಳ ಮಟ್ಟಿಗೆ ಮಾಡಿರಲಿಲ್ಲವೆಂದೇ ಹೇಳಬೇಕು. ಚಿನ್ನವು ಸೈನೈಡಿನಲ್ಲಿ ಕರಗುವ ಬಗೆಯನ್ನು ಕುರಿತು ಮ್ಯಾಕ್ಲಾರಿನ್ ಮಾಡಿದ್ದ ಕೆಲಸ ಒಳ್ಳೆಯ ಕೆಲಸವೇ. ಹಾಗಾದರೆ ರುದರ್‌ಫರ್ಡನಿಗೆ ಯೋಗ್ಯತೆ ಯಾವ ದಿನ ಬಂತು? ಮೊದಲ ಪಟ್ಟಿ ಬಂದ ದಿನ ಇರಲಿಲ್ಲ, ಇನ್ನೊಬ್ಬನ ಪತ್ರ ತಲುಪಿದ ದಿನ ಬಂತೆ?

ಇದು ದೂರ ದೇಶದ, ದೂರ ಕಾಲದ ಮಾತೆನ್ನುವವರು ನಮ್ಮ ನೆಟ್ ಪರೀಕ್ಷೆಯನ್ನು ನೋಡಬಹುದು. ಸಂಶೋಧನೆ ಮಾಡುವ ನಮ್ಮ ದೇಶದ ಹುಡುಗ ಹುಡುಗಿಯರು ಜೂನಿಯರ್ ರಿಸರ್ಚ್ ಫೆಲೋಷಿಪ್ ಎಂಬುದನ್ನು ಪಡೆಯುವ ಹೆಬ್ಬಾಗಿಲು ಅದು. 2024ರ ಜೂನ್ 18ರಂದು 9 ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ಬರೆದರು. ಮರುದಿನ ಪರೀಕ್ಷೆಯೇ ರದ್ದಾಯಿತು, ಪ್ರಶ್ನೆಪತ್ರಿಕೆ ಹೊರಬಿದ್ದಿದೆ ಎಂಬ ಸಂಶಯದಿಂದ. ಸಂಶಯಕ್ಕೆ ಕಾರಣವಾದ ಚಿತ್ರವೇ ಯಾರೋ ತಿದ್ದಿದ್ದೆಂದು ಆಮೇಲೆ ತನಿಖೆ ನಡೆಸಿದವರು ಕಂಡುಕೊಂಡರು. ಅಷ್ಟರಲ್ಲಿ ಆಗಸ್ಟ್ 21ರಿಂದ ಸೆಪ್ಟೆಂಬರ್ 4ರವರೆಗೆ ಪರೀಕ್ಷೆ ಮತ್ತೆ ನಡೆಯಿತು. ಫಲಿತಾಂಶ ಬಂದದ್ದು ಅಕ್ಟೋಬರ್ 17ಕ್ಕೆ. ಎರಡನೆಯ ಸಲ ಬಂದು ಬರೆದವರು 6.84 ಲಕ್ಷ. ಫೆಲೋಷಿಪ್ಪಿಗೆ ಅರ್ಹರಾದವರು 4,970.

ಈ ಅಂಕಿಗಳ ನಡುವೆ ಒಂದು ಸಂಖ್ಯೆ ಕಾಣದೆ ಕುಳಿತಿದೆ. ಮೊದಲ ಸಲ ಬರೆದು ಎರಡನೆಯ ಸಲ ಬಾರದವರು ಎರಡು ಲಕ್ಷಕ್ಕೂ ಮೇಲೆ. ಅವರಲ್ಲಿ ಕೆಲವರಿಗೆ ಅಷ್ಟರಲ್ಲಿ ಯಾವುದೋ ಶಾಲೆಯಲ್ಲಿ ಕೆಲಸ ಸಿಕ್ಕಿರಬಹುದು. ಕೆಲವರಿಗೆ ಮದುವೆಯಾಗಿರಬಹುದು, ಕೆಲವರ ಮನೆಯಲ್ಲಿ ಕಾಯಿಲೆ. ಇನ್ನು ಕೆಲವರಿಗೆ ದೂರದ ಊರಿನ ಪರೀಕ್ಷಾ ಕೇಂದ್ರಕ್ಕೆ ಎರಡನೆಯ ಸಲ ಹೋಗಿಬರುವ ಖರ್ಚೇ ಭಾರ. ಅವರು ಸೋತವರಲ್ಲ. ಕಾಯುವುದನ್ನು ನಿಲ್ಲಿಸಿದವರು, ಅಷ್ಟೆ. ಅಕ್ಟೋಬರಿನಲ್ಲಿ ಆಯ್ಕೆಯಾದವನೊಬ್ಬ ಪೇಢೆ ಹಂಚುವಾಗ, ಜೂನಿನ ಆ ದಿನ ತನಗಿಂತ ಚೆನ್ನಾಗಿ ಬರೆದು ಆಗಸ್ಟಿನಲ್ಲಿ ಬಸ್ಸು ಹತ್ತದೆಹೋದ ಯಾವಳೋ ಹುಡುಗಿಯ ಪಾಲೂ ಆ ಪೊಟ್ಟಣದಲ್ಲಿ ಇರಬಹುದೆಂಬುದು ಅವನಿಗೆ ಹೇಗೆ ತಿಳಿಯಬೇಕು? ತಿಳಿದರೂ ಏನು ಮಾಡಬೇಕು?

ಹಾಗೆಂದು ಆಯ್ಕೆಯೆಲ್ಲ ಬರಿಯ ಅದೃಷ್ಟವೆಂದು ನಾನು ಹೇಳುತ್ತಿಲ್ಲ. ಓದದವನು ಪಾಸಾಗುವುದಿಲ್ಲ, ಶಾಸನ ಓದಲು ಬಾರದವನಿಗೆ ಶಾಸನಶಾಸ್ತ್ರದ ವೇತನ ಕೊಡಬಾರದು. ನನ್ನ ಸಂಶಯವೆಲ್ಲ ಆ ಕೊನೆಯ ಗೆರೆಯ ಮೇಲಿನದು; ಮೂವತ್ತು ಮಂದಿ ಯೋಗ್ಯರಲ್ಲಿ ಒಬ್ಬನನ್ನು ಒಳಕ್ಕೂ ಇಪ್ಪತ್ತೊಂಬತ್ತು ಮಂದಿಯನ್ನು ಹೊರಕ್ಕೂ ಮಾಡುವ ಗೆರೆಯ ಮೇಲಿನದು. ಆ ಗೆರೆಗೆ ನಾವು ‘ಮೆರಿಟ್’ ಎಂಬ ಗಂಭೀರವಾದ ಹೆಸರಿಟ್ಟಿದ್ದೇವೆ. 1958ರಲ್ಲಿ ಮೈಕೇಲ್ ಯಂಗ್ ಎಂಬ ಇಂಗ್ಲಿಷ್ ಸಮಾಜಶಾಸ್ತ್ರಜ್ಞ ‘ಮೆರಿಟಾಕ್ರಸಿ’ ಎಂಬ ಮಾತನ್ನು ಒಂದು ವಿಡಂಬನೆಯ ಹೆಸರಿನಲ್ಲಿ ಇಟ್ಟ. ಯೋಗ್ಯತೆಯ ಹೆಸರಿನಲ್ಲಿ ಗೆದ್ದವರು ಸೋತವರನ್ನು ತುಚ್ಛವಾಗಿ ಕಾಣುವ ಒಂದು ಸಮಾಜದ ಚಿತ್ರ ಅದು. ಎಚ್ಚರಿಕೆಗೆಂದು ಹೇಳಿದ ಆ ಮಾತನ್ನು ಜಗತ್ತು ಹೊಗಳಿಕೆಯೆಂದು ತೆಗೆದುಕೊಂಡಿತು. ವಿಡಂಬನಕಾರರಿಗೆ ಇಂಥ ಶಿಕ್ಷೆ ಆಗಾಗ ಆಗುವುದುಂಟು.

ಪಟ್ಟಿ ಬಂದ ಮೇಲೆ ಈ ವಿಷಯವನ್ನು ನಿಷ್ಪಕ್ಷಪಾತವಾಗಿ ಮಾತನಾಡುವುದು ಮನುಷ್ಯಮಾತ್ರದವರಿಗೆ ಸಾಧ್ಯವಿಲ್ಲ. ಹೆಸರು ಬಂದವನು “ಕಷ್ಟಪಟ್ಟೆ, ಫಲ ಬಂತು” ಎನ್ನುತ್ತಾನೆ. ಬಾರದವನು “ಎಲ್ಲ ಅವರವರಿಗೆ ಬೇಕಾದವರಿಗೆ” ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರೂ ನಂಬಿಯೇ ಹೇಳುತ್ತಾರೆ. ಅವರ ಸ್ಥಾನಗಳನ್ನು ಅದಲುಬದಲು ಮಾಡಿದರೆ ಮಾತುಗಳೂ ಅದಲುಬದಲಾಗುತ್ತವೆ. ಸೋಜಿಗವೆಂದರೆ, ಪಟ್ಟಿ ಬರುವುದಕ್ಕೆ ಒಂದು ದಿನ ಮುಂಚೆ ಅದೇ ಇಬ್ಬರನ್ನು ಕೇಳಿ ನೋಡಿ: “ಸ್ವಲ್ಪ ಓದು, ಸ್ವಲ್ಪ ಅದೃಷ್ಟ” ಎಂದು ಇಬ್ಬರೂ ಒಪ್ಪುತ್ತಾರೆ.

ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ನ್ಯಾಯವನ್ನು ಕುರಿತು ಒಂದು ದೊಡ್ಡ ಗ್ರಂಥ ಬರೆದ. ಅದರಲ್ಲಿ ಅವನದೊಂದು ಕಲ್ಪನೆ: ಸಮಾಜದ ನಿಯಮಗಳನ್ನು ಮಾಡುವವರು ಒಂದು ಅಜ್ಞಾನದ ತೆರೆಯ ಹಿಂದೆ ಕುಳಿತಿರಬೇಕು, ತಾನು ಶ್ರೀಮಂತನಾಗುತ್ತೇನೋ ಬಡವನೋ, ಜಾಣನೋ ದಡ್ಡನೋ, ಯಾವುದೂ ಅವರಿಗೆ ತಿಳಿದಿರಬಾರದು. ಆಗ ಅವರು ಮಾಡುವ ನಿಯಮ ನ್ಯಾಯವಾದದ್ದಾಗಿರುತ್ತದೆ. ಇದು ಕೇವಲ ಊಹೆ, ಹಾಗೆ ಕುಳಿತುಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ ಎಂದು ಆಕ್ಷೇಪಿಸಿದವರುಂಟು. ಅವರು ಸಂಶೋಧನ ವೇತನಕ್ಕೆ ಕಾಯುತ್ತಿರುವವರನ್ನು ನೋಡಿರಲಾರರು. ನಾನೂ ನನ್ನ ಗೆಳೆಯನೂ ನಾಲ್ಕು ತಿಂಗಳಿಂದ ಆ ತೆರೆಯ ಹಿಂದೆಯೇ ಮಂಚ ಹಾಕಿಕೊಂಡು ಮಲಗಿದ್ದೇವೆ. ಕಾಯುವ ಕಾಲವನ್ನು ವ್ಯರ್ಥವಾದ ಕಾಲವೆಂದು ಎಲ್ಲರೂ ತಿಳಿಯುತ್ತಾರೆ. ನನಗೀಗ ಹಾಗನ್ನಿಸುವುದಿಲ್ಲ. ಗೆದ್ದವರ ಕಣ್ಣಿಂದಲೂ ಅಲ್ಲ, ಸೋತವರ ಕಣ್ಣಿಂದಲೂ ಅಲ್ಲ, ಸುಮ್ಮನೆ ಬಿಡಿಗಣ್ಣಿನಿಂದ ಪಟ್ಟಿಯನ್ನು ನೋಡಲು ಸಿಕ್ಕುವ ಕಾಲ ಇದೊಂದೇ. ಈಗ ಮಾತನಾಡದಿದ್ದರೆ ಆಮೇಲೆ ನಾವು ನಂಬಿಕೆಗೆ ಅರ್ಹರಾದ ಸಾಕ್ಷಿಗಳಲ್ಲ.

ಆದುದರಿಂದ ಒಂದು ರಾತ್ರಿ ಇಬ್ಬರೂ ಕುಳಿತು ಮಾತನಾಡಿದೆವು. ಯಾರು ಹೆಚ್ಚು ಯೋಗ್ಯರು ಎಂದಲ್ಲ. ಆ ಮಾತು ಜಗಳಕ್ಕೆ ಬೇಕು. ಸಂದರ್ಶನದಲ್ಲಿ ನಮ್ಮ ನಮ್ಮ ಕೈಯಲ್ಲಿದ್ದದ್ದೆಷ್ಟು, ಇಲ್ಲದ್ದೆಷ್ಟು ಎಂದು ಲೆಕ್ಕ ಹಾಕಿದೆವು. ನನ್ನನ್ನು ಅವರು ಕೇಳಿದ್ದು ನಾಗಾವಿಯ ಶಾಸನವನ್ನು. ಅದರ ಪಾಠವನ್ನು ನಾನು ಹಿಂದಿನ ವಾರವಷ್ಟೇ ಮತ್ತೆ ಓದಿದ್ದೆ. ಅವನನ್ನು ಕೇಳಿದ್ದು ನಾಣ್ಯಗಳನ್ನು; ಅದು ಅವನ ವಿಷಯವೇ ಅಲ್ಲ. ನಮ್ಮ ತಂದೆ ಶಾಲೆಯ ಮೇಷ್ಟರು, ಮನೆಯಲ್ಲಿ ಒಂದು ಬೀರು ತುಂಬ ಪುಸ್ತಕ. ಅವನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ಅವನು ಹೊಲದಲ್ಲಿ ಬಿದ್ದ ಕಲ್ಲನ್ನು ಮುಟ್ಟಿ ನೋಡಿ ಅಕ್ಷರದ ಕಾಲ ಹೇಳಬಲ್ಲ. ನಾನು ಅದನ್ನು ಇಂಗ್ಲಿಷಿನಲ್ಲಿ ವಿವರಿಸಬಲ್ಲೆ. ಸಂದರ್ಶನ ನಡೆಯುವುದು ಹೊಲದಲ್ಲಲ್ಲ. “ಪರಿಶ್ರಮವಾದರೂ ನಮ್ಮದು ತಾನೆ?” ಎಂದೆ. ಅವನು ನಕ್ಕು, “ನಾ ಹತ್ತು ತಾಸು ಓದಬೇಕಂದ್ರ ನಮ್ಮವ್ವ ಹನ್ನೆರಡು ತಾಸು ಹೊಲದಾಗ ಇರಬೇಕಾಗ್ತದ. ಅದು ಯಾರ ಪರಿಶ್ರಮದಾಗ ಬರೀಲಿ?” ಎಂದ. ಪರಿಶ್ರಮಪಡುವ ಮನಸ್ಸು ಕೂಡ ಮನೆ, ಪರಿಸ್ಥಿತಿಗಳ ಕೊಡುಗೆಯೆಂದು ರಾಲ್ಸನೂ ಹೇಳಿದ್ದಾನೆ. ಅದನ್ನು ಓದಿದಾಗ ಅತಿಯಾಯಿತೆನಿಸಿತ್ತು. ಗೆಳೆಯನ ಬಾಯಲ್ಲಿ ಕೇಳಿದಾಗ ಅನ್ನಿಸಲಿಲ್ಲ.

ನಾಗಾವಿಯ ಮಾತು ಬಂತು. ಅದು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರ, ನನ್ನ ಗೆಳೆಯನ ಕಡೆಯ ಊರು. ಅರವತ್ತು ಕಂಬದ ಗುಡಿಯೂ ಹಾಳುಬಿದ್ದ ಗೋಡೆಗಳೂ ಈಗಲೂ ಅಲ್ಲಿವೆ. ಚಾಲುಕ್ಯ ದೊರೆ ಮೊದಲನೆಯ ಸೋಮೇಶ್ವರನ ಕಾಲದಲ್ಲಿ, 1058ರಲ್ಲಿ, ಅವನ ಮಂತ್ರಿ ಮಧುಸೂದನ ಅಲ್ಲಿ ಒಂದು ಘಟಿಕಾಸ್ಥಾನವನ್ನು ಕಟ್ಟಿಸಿದ. ವೇದ ಓದುವ ವಿದ್ಯಾರ್ಥಿಗಳು 200, ಶಾಸ್ತ್ರ ಓದುವವರು 52, ಪುಸ್ತಕ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರು 6 ಮಂದಿ. ಇವರಿಗೆ ಅನ್ನವಸ್ತ್ರ ನಡೆಯುವಂತೆ ಭೂಮಿ ಬಿಟ್ಟ. ಗ್ರಂಥಪಾಲಕರಿಗೂ ದತ್ತಿಯಲ್ಲಿ ಪಾಲಿಟ್ಟ ಆ ಮಂತ್ರಿಯನ್ನು ನೆನೆದಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ. ಆದರೂ ಶಾಸ್ತ್ರಕ್ಕೆ 52 ಏಕೆ? 53ನೆಯವನೊಬ್ಬ ದೂರದ ಅಗ್ರಹಾರದಿಂದ ನಡೆದು ಬಂದಿರಲಿಲ್ಲವೆ? ಓದಲು ಅವಕಾಶವೇ ಇಲ್ಲದೆ ಆ ಗೋಡೆಯ ಹೊರಗೆ ಕಲ್ಲು ಹೊತ್ತವರ ಮಕ್ಕಳ ಮಾತಂತೂ ಬಿಡಿ. ಶಾಸನ ಕೊಟ್ಟವನ ಹೆಸರನ್ನು ಹೇಳುತ್ತದೆ, ಪಡೆದವರ ಲೆಕ್ಕವನ್ನು ಹೇಳುತ್ತದೆ; ಬಾಗಿಲಿಂದ ಹಿಂದಿರುಗಿದವರಿಗಾಗಿ ಯಾರೂ ಕಲ್ಲು ನಿಲ್ಲಿಸುವುದಿಲ್ಲ. ಮೂರು ವರ್ಷದಿಂದ ಈ ಶಾಸನವನ್ನು ಓದುತ್ತಿದ್ದೇನೆ. 53ನೆಯವನ ನೆನಪು ನನಗೆ ಬಂದದ್ದು ಈ ನಾಲ್ಕು ತಿಂಗಳಲ್ಲಿ.

ಇಲ್ಲಿ ಅಮ್ಮನ ಮಾತಿಗೆ ಬರಬೇಕು. ಒಂದೇ ಜಾಗವೆಂದು ಯಾರು ಹೇಳಿದರು? ಮಳೆ ಬರುವುದು ಬಾರದಿರುವುದು ನಮ್ಮ ಕೈಯಲ್ಲಿಲ್ಲ. ಸ್ಥಾನಗಳ ಸಂಖ್ಯೆಯನ್ನು ಗೊತ್ತುಮಾಡಿದವರು ಮನುಷ್ಯರು, ಒಂದು ಮೇಜಿನ ಸುತ್ತ ಕುಳಿತು, ಕಾಫಿ ಕುಡಿದು ಗೊತ್ತುಮಾಡಿದವರು. 1913ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ರಾಮಾನುಜನ್ ಅವರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನವನ್ನು ಎರಡು ವರ್ಷಕ್ಕೆ ಕೊಟ್ಟಿತು. ಅಂಥ ವೇತನಕ್ಕೆ ಎಂ.ಎ. ಪದವಿ ಆಗಿರಬೇಕೆಂದು ನಿಯಮ. ರಾಮಾನುಜನ್ ಎಫ್.ಎ. ಪರೀಕ್ಷೆಯನ್ನೇ ದಾಟಿರಲಿಲ್ಲ, ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಿಯಮವನ್ನು ಪಕ್ಕಕ್ಕಿಟ್ಟರು, ವೇತನ ಕೊಟ್ಟರು. ಆಕಾಶ ಬೀಳಲಿಲ್ಲ. ಅವರು ರಾಮಾನುಜನ್ ಆದದ್ದರಿಂದ ಹಾಗೆ ಮಾಡಿದರೆನ್ನಬಹುದು. ಅದು ಸರಿಯೇ. ನಾನು ಹೇಳುವುದಿಷ್ಟು: ನಿಯಮದ ಗೋಡೆ ಕಲ್ಲಿನದಲ್ಲ, ಬೇಕೆಂದವರು ಅದರಲ್ಲಿ ಬಾಗಿಲು ಕಂಡದ್ದುಂಟು. 2023ರ ಜನವರಿ 1ರಿಂದ ಜೂನಿಯರ್ ಫೆಲೋಷಿಪ್ಪಿನ ಮೊತ್ತ ತಿಂಗಳಿಗೆ 37,000 ರೂಪಾಯಿ ಆಯಿತು. ಕೇಂದ್ರೀಯ ವಿಶ್ವವಿದ್ಯಾನಿಲಯಗಳಲ್ಲಿ ನೆಟ್ ವೇತನವಿಲ್ಲದೆ ಪಿಎಚ್.ಡಿ. ಮಾಡುವವರಿಗೆಂದು ಇಟ್ಟದ್ದು 8,000. ಅದನ್ನೂ ನಿಲ್ಲಿಸುತ್ತೇವೆಂದು 2015ರ ಅಕ್ಟೋಬರಿನಲ್ಲಿ ಆಯೋಗ ತೀರ್ಮಾನಿಸಿದಾಗ ವಿದ್ಯಾರ್ಥಿಗಳು ದೆಹಲಿಯಲ್ಲಿ ಅದರ ಕಚೇರಿಯ ಮುಂದೆ ಹಗಲೂ ರಾತ್ರಿ ಕುಳಿತರು, ವೇತನ ನಿಲ್ಲಲಿಲ್ಲ. ಒಂದೇ ಗ್ರಂಥಾಲಯದ ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತು ಓದುವ ಇಬ್ಬರ ನಡುವೆ ತಿಂಗಳಿಗೆ 29,000 ರೂಪಾಯಿಯ ಅಂತರ. ಆ ಇಬ್ಬರ ಯೋಗ್ಯತೆಯ ಅಂತರವೂ ಅಷ್ಟೇ ಇದೆಯೆಂದು ಯಾವ ತಕ್ಕಡಿ ಹೇಳಿತು?

ಹೀಗೆ ನೋಡಿದರೆ, ಕಾಯುವ ಇಬ್ಬರು ಒಬ್ಬರ ಮುಖವನ್ನು ಒಬ್ಬರು ಸಂಶಯದಿಂದ ನೋಡುತ್ತಿರುವುದು ಒಂದು ದೃಷ್ಟಿಭ್ರಮೆ. ಅವರನ್ನು ಎದುರಾಳಿಗಳಾಗಿ ನಿಲ್ಲಿಸಿದ ‘ಒಂದು’ ಎಂಬ ಅಂಕಿಯನ್ನು ಬರೆದವನು ಇಬ್ಬರಲ್ಲಿ ಒಬ್ಬನೂ ಅಲ್ಲ, ಅವನು ಎಲ್ಲಿಯೂ ಕಾಯುತ್ತಲೂ ಇಲ್ಲ. ಆದರೆ ಇಷ್ಟು ತಿಳಿದ ಮಾತ್ರಕ್ಕೆ ಮನಸ್ಸು ಶುದ್ಧವಾಗಿಬಿಡುತ್ತದೆಂದು ನಾನು ಹೇಳಲಾರೆ. ಅಂಕಿ ಬದಲಾಗುವವರೆಗೆ ಸ್ಥಾನ ಒಂದೇ. ನಾನು ಅದನ್ನು ಬಯಸುತ್ತೇನೆ, ಅವನೂ ಬಯಸುತ್ತಾನೆ. ಬಯಸುವುದನ್ನು ಬಿಡು ಎಂಬ ಉಪದೇಶ ಸುಲಭ; ಹಾಗೆ ಬಿಟ್ಟವರೇ ಆ ಎರಡು ಲಕ್ಷ ಮಂದಿ. ಅವರು ಬಿಟ್ಟದ್ದು ವೈರಾಗ್ಯದಿಂದಲ್ಲ.

ಕಾಯಿಸುವವರ ಕರ್ತವ್ಯವನ್ನು ಕುರಿತೂ ಒಂದು ಮಾತು ಹೇಳಬಹುದು. 1913ರ ಜನವರಿ 16ರ ತಾರೀಖು ಹಾಕಿ ರಾಮಾನುಜನ್ ಹಾರ್ಡಿಗೆ ಪತ್ರ ಬರೆದರು. ಹಾರ್ಡಿಯ ಉತ್ತರಕ್ಕೆ ಹಾಕಿದ ತಾರೀಖು ಫೆಬ್ರವರಿ 8. ಪತ್ರ ಹಡಗಿನಲ್ಲಿ ಸಮುದ್ರ ದಾಟುವುದಕ್ಕೇ ವಾರಗಳು ಹಿಡಿಯುತ್ತಿದ್ದ ಕಾಲ. ಪತ್ರದಲ್ಲಿದ್ದುದೋ ಹಿಂದೆಂದೂ ಕಂಡಿರದ ಸೂತ್ರಗಳ ರಾಶಿ. ಅದಕ್ಕೂ ಮುಂಚೆ ರಾಮಾನುಜನ್ ಬರೆದಿದ್ದ ಬೇರೆ ಗಣಿತಜ್ಞರಿಂದ ಏನೂ ಪ್ರಯೋಜನವಾಗಿರಲಿಲ್ಲ. ಹಾರ್ಡಿಯ ಪ್ರತಿಭೆ ಎಲ್ಲರಿಗೂ ಬರುವಂಥದಲ್ಲ, ಅವನ ಅಂಚೆಯ ಶಿಸ್ತು ಯಾವ ಕಚೇರಿಗಾದರೂ ಬರಬಹುದು. ‘ಇಲ್ಲ’ ಎನ್ನುವುದಾದರೂ ತಾರೀಖು ಹಾಕಿ ಹೇಳಿದರೆ ಮನುಷ್ಯ ಬೇರೆ ದಾರಿ ನೋಡಿಕೊಳ್ಳುತ್ತಾನೆ. ಮೌನಕ್ಕೆ ಉತ್ತರ ಕೊಡುವುದು ಕಷ್ಟ.

ಇರಲಿ. ನಮ್ಮ ಆ ರಾತ್ರಿಯ ಮಾತು ಒಂದು ಒಪ್ಪಂದದಲ್ಲಿ ಮುಗಿಯಿತು. ವೇತನ ತಿಂಗಳಿಗೆ 15,000. ಯಾರಿಗೆ ಬಂದರೂ ಅದರಲ್ಲಿ 5,000 ಇನ್ನೊಬ್ಬನಿಗೆ, ಇನ್ನೊಬ್ಬನಿಗೆ ಬೇರೆ ದಾರಿ ಸಿಕ್ಕುವವರೆಗೆ. ಮೊದಲು ನಾನು, “ಇದೆಲ್ಲ ಈಗಲೇ ಏಕೆ? ಬಂದ ಮೇಲೆ ಕೊಟ್ಟರಾಯಿತು” ಎಂದೆ. ಗೆಳೆಯ ಒಪ್ಪಲಿಲ್ಲ. “ಬಂದ ಮ್ಯಾಲೆ ಕೊಟ್ರ ಅದು ದಾನ ಆಗ್ತದ. ಈಗ ಮಾತಾಡಿಕೊಂಡ್ರ ಕರಾರು ಆಗ್ತದ. ದಾನ ತಗೋಳಾಕ ನನಗ ಆಗಂಗಿಲ್ಲ. ಕರಾರು ಆದ್ರ ನಿನ್ನ ಮನಿ ಮುಂದ ಕುಂತು ವಸೂಲಿ ಮಾಡ್ತೀನಿ” ಎಂದ. ಶಾಸನಗಳಲ್ಲಿ ದಾನವನ್ನು ಕುರಿತು ನಾನು ಓದಿದ್ದೆಲ್ಲವನ್ನೂ ಈ ಮಾತಿನ ಎದುರು ಇಟ್ಟು ನೋಡುತ್ತಿದ್ದೇನೆ. ಕೊಡುವವನ ಪುಣ್ಯದ ಲೆಕ್ಕ ಅಲ್ಲಿ ಹೇರಳವಾಗಿದೆ. ತೆಗೆದುಕೊಳ್ಳುವವನು ತಲೆ ಎತ್ತಿಕೊಂಡಿರಬೇಕಾದರೆ ಮಾತು ಯಾವಾಗ ಆಗಬೇಕೆಂಬುದು ಇಲ್ಲ.

ನಮ್ಮ ಮಾರ್ಗದರ್ಶಕರಿಗೆ ಈ ಒಪ್ಪಂದ ಹಿಡಿಸಲಿಲ್ಲ. “ಹಣದ ವಿಷಯ ಕಾಗದಕ್ಕೆ ಇಳಿದರೆ ಸ್ನೇಹ ಉಳಿಯುವುದಿಲ್ಲ” ಎಂದು ಎಚ್ಚರಿಸಿದರು. ಅನುಭವಸ್ಥರು, ಅವರ ಮಾತಿನಲ್ಲಿ ಹುರುಳಿರಬಹುದು. ಆದರೆ ಒಪ್ಪಂದ ಇಲ್ಲದ ಮನೆಗಳಲ್ಲೂ ಹಣದಿಂದ ಸ್ನೇಹ ಕೆಟ್ಟದ್ದನ್ನು ನಾನು ನೋಡಿದ್ದೇನೆ. ಒಂದು ವ್ಯತ್ಯಾಸವನ್ನು ಮಾತ್ರ ಈಗಲೇ ಕಂಡಿದ್ದೇನೆ: ನಾವಿಬ್ಬರೂ ಈಗ ಬೆಳಗ್ಗೆ ಒಂದೇ ಫೋನಿನಲ್ಲಿ ಪಟ್ಟಿ ನೋಡುತ್ತೇವೆ. ಅಮ್ಮನಿಗೆ ವಿಷಯ ತಿಳಿಸಿದೆ. ಆಂಜನೇಯನಿಗೆ ಈಗ ಎರಡು ದೀಪ. ಎಣ್ಣೆಯ ಖರ್ಚನ್ನು ಒಪ್ಪಂದದಲ್ಲಿ ಸೇರಿಸಬೇಕೆಂದು ಗೆಳೆಯನ ಸಲಹೆ.

ಅರ್ಜಿಯ ನಕಲಿನ ಹಿಂಬದಿಯಲ್ಲಿ ಬರೆದ ಆ ಕಾಗದ ನಿಘಂಟಿನ ನಡುವೆ ಇದೆ. ಇಬ್ಬರ ಸಹಿಯೂ ಬಿದ್ದಿದೆ. ವೇತನ ಮಂಜೂರಾಗಿ ಹಿಂದಿನ ತಿಂಗಳುಗಳ ಬಾಕಿ ಒಟ್ಟಿಗೆ ಬಂದರೆ ಅದರಲ್ಲೂ ಮೂರನೆಯ ಒಂದು ಪಾಲು ಕೊಡಬೇಕೆ ಬೇಡವೆ ಎಂಬ ಒಂದು ಅಂಶ ಮಾತ್ರ ಇನ್ನೂ ಚರ್ಚೆಯಲ್ಲಿದೆ. ಕೊಡಬೇಕೆಂದು ನಾನು, ಅದು ಸಾಲ ತೀರಿಸುವುದಕ್ಕೆ ಬೇಕಾಗುತ್ತದೆ, ಬೇಡವೆಂದು ಅವನು. ಪಟ್ಟಿ ಬರುವುದರೊಳಗೆ ಇದು ತೀರ್ಮಾನವಾಗಬೇಕು.